ಹಲ್ಲಿನೊಳಗೆ ತಪ್ಪಿಸಿಕೊಂಡ ನಾಲ್ಕನೇ ಕೆನಾಲು

ಎರಡು ವರ್ಷದ ಹಿಂದೆ ಇಲ್ಲೇ ದುರ್ಗದಲ್ಲಿ ಎಡಗಡೆ ಮೇಲಿನ ದವಡೆ ಹಲ್ಲಿಗೆ ರೂಟ್ ಕೆನಾಲ್ ಮಾಡಿಸ್ದೆ, ಕ್ಯಾಪೂ ಹಾಕಿಸ್ದೆ, ದುಡ್ಡು ಹೋಯ್ತು ನೋವು ಹೋಗ್ಲಿಲ್ಲ. ರಾತ್ರಿಯೆಲ್ಲಾ ಕೂರಿಸೋ ಅಂಥ ನೋವೇನಲ್ಲ, ಮಂಡಕ್ಕಿ ಜೊತೆ ಮಿರ್ಚಿ ಅಗಿಯೋವಾಗ ಒಂದು ಕಡೆ ಚುಳ್ ಅನ್ನೋದು ಅಷ್ಟೇ. ನರಾನೇ ತೆಗೆದ್ಮೇಲೆ ನೋವೆಲ್ಲಿಂದ ಬರುತ್ತೆ, ಎಲ್ಲಾ ನಿನ್ನ ಭ್ರಮೆ ಅಂತ ಮನೇಲಿ ಬೈಸಿಕೊಂಡೆ. ಆದ್ರೆ ತೆಗೆಯೋದು ಹಲ್ಲಿನ ಒಳಗಿನ ನರ ಮಾತ್ರ, ಬೇರಿನ ಸುತ್ತ ಮೂಳೆಗೆ ಅಂಟಿಕೊಂಡಿರೋ ಪದರಕ್ಕೆ ಬೇರೇನೇ ನರ ಇರುತ್ತೆ, ಬೇರಿನ ತುದೀಲಿ ಸೋಂಕು ಉಳಿದ್ರೆ ಅಗಿದಾಗ ಕೂಗಿಕೊಳ್ಳೋದು ಅದೇ.

ಕೊನೆಗೆ ದಾವಣಗೆರೆಗೆ ಹೋದೆ. ಎರಡೆರಡು ಡೆಂಟಲ್ ಕಾಲೇಜು ಇರೋ ಊರು, ಹಲ್ಲು ಕೈಕೊಟ್ರೆ ನಮ್ಮ ಕಡೆಯವ್ರು ಬಸ್ ಹತ್ತೋದೇ ಅಲ್ಲಿಗೆ. ಡಾಕ್ಟ್ರು ಎಕ್ಸ್‌ರೇ ತೆಗೆಸಿದ್ರು, ಆಮೇಲೆ ಮೆಷಿನ್ನನ್ನ ಒಂಚೂರು ಓರೆ ಮಾಡಿ ಇನ್ನೊಂದು ತೆಗೆಸಿದ್ರು, ಅದನ್ನ ನೋಡ್ತಾ "ಇದ್ರಾಗೆ ಇನ್ನೊಂದು ಕೆನಾಲ್ ಇದ್ದಂಗೈತ್ರಿ, ಅದನ್ನ ಮುಟ್ಟೇ ಇಲ್ಲ" ಅಂದ್ರು. ಕೆನಾಲ್ ಅಂದ್ರೆ ಹಲ್ಲಿನ ಬೇರಿನೊಳಗೆ ನರ ಇರೋ ಸಣ್ಣ ದಾರಿ.

ಓರೆ ಯಾಕೆ ಅಂದ್ರೆ, ದುರ್ಗದಿಂದ ದಾವಣಗೆರೆ ಕಡೆ ಹೈವೇಲಿ ಹೋಗೋವಾಗ ಗುಡ್ಡದ ಮೇಲಿನ ಗಾಳಿಯಂತ್ರ ನೋಡಿರ್ತೀರಲ್ಲ, ಒಂದರ ಹಿಂದೆ ಒಂದು ನೇರಕ್ಕೆ ಬಂದಾಗ ಒಂದೇ ಕಂಬ ಕಾಣುತ್ತೆ, ಬಸ್ಸು ಸ್ವಲ್ಪ ಮುಂದೆ ಹೋದ್ರೆ ಎರಡಾಗುತ್ತೆ. ಮೇಲಿನ ಮೊದಲನೇ ದೊಡ್ಡ ದವಡೆ ಹಲ್ಲಿಗೆ ಸಾಮಾನ್ಯವಾಗಿ ಮೂರು ಬೇರು, ಹಂಗಾಗಿ ಮೂರೇ ಕೆನಾಲು ಅಂತ ನಮ್ಮ ಲೆಕ್ಕ. ಅದ್ರಲ್ಲಿ ಕೆನ್ನೆ ಕಡೆ ಇರೋ ಮುಂದಿನ ಬೇರು ಚಪ್ಪಟೆ, ಒಳಗಿನ ಜಾಗ ಮೊದ್ಲು ರಿಬ್ಬನ್ ಥರ ಅಗಲ ಇದ್ದು, ವರ್ಷ ಕಳೀತಾ ಹಲ್ಲಿನ ಗೋಡೆ ಒಳಗಿಂದ ದಪ್ಪ ಆಗಿ ನಡುವೆ ಮುಚ್ಚಿಕೊಂಡು ಎರಡು ದಾರಿ ಆಗಿಬಿಡುತ್ತೆ. ಅರ್ಧಕ್ಕಿಂತ ಜಾಸ್ತಿ ಜನಕ್ಕೆ ಹಿಂಗೇ. ಆ ಎರಡೂ ಕೆನ್ನೆಯಿಂದ ಅಂಗುಳದ ಕಡೆಗೆ ಒಂದರ ಹಿಂದೆ ಒಂದು ನಿಂತಿರ್ತವೆ, ಎಕ್ಸ್‌ರೇನೂ ಅದೇ ದಿಕ್ಕಲ್ಲಿ ಹೊಡೆಯೋದು.

ಇದೇನು ಹೊಸ ವಿಷಯ ಅಲ್ಲ. ವಾಲ್ಟರ್ ಹೆಸ್ ಅನ್ನೋ ಸ್ವಿಸ್ ದಂತವೈದ್ಯ ಕಿತ್ತ ಹಲ್ಲುಗಳೊಳಗೆ ರಬ್ಬರ್ ತುಂಬಿ ಗಟ್ಟಿ ಮಾಡಿ, ಆಮೇಲೆ ಹಲ್ಲನ್ನೇ ಕರಗಿಸಿ ನೋಡಿದ್ರು. ಉಳಿದ ರಬ್ಬರಿನ ಅಚ್ಚು ಪೈಪಿನ ಥರ ಇರ್ಲಿಲ್ಲ, ಗಿಡದ ಬೇರಿನ ಥರ ಕವಲು ಕವಲು, ನಡುವೆ ಬಲೆ. ಇಂಗ್ಲಿಷಲ್ಲಿ ಆ ಅಧ್ಯಯನ ಬಂದಿದ್ದು 1925ರಲ್ಲಿ. 1984ರಲ್ಲಿ ಅಮೆರಿಕದ ದಂತವೈದ್ಯ ವರ್ಟುಚ್ಚಿ ಕೆನಾಲುಗಳನ್ನ ಎಂಟು ಬಗೆ ಅಂತ ವಿಂಗಡಿಸಿದ್ರು: ಒಂದಾಗಿ ಹೊರಟು ಎರಡಾಗೋದು, ಎರಡು ಸೇರಿ ಒಂದಾಗೋದು, ಬೇರೆಯಾಗಿ ಮತ್ತೆ ಕೂಡೋದು, ಹಿಂಗೆ. ಕೆಳಗಿನ ಎರಡನೇ ದವಡೆ ಹಲ್ಲಲ್ಲಿ ಕೆಲವರಿಗೆ ಕೆನಾಲು ಒಡೆದ ಬಳೆ ಚೂರಿನ ಆಕಾರಕ್ಕಿರುತ್ತೆ, ಚೀನಾ ಕೊರಿಯಾ ಕಡೆಯವ್ರಲ್ಲಿ ಇದು ಜಾಸ್ತಿ. ಕಡ್ಡಿಯಂಗಿರೋ ಕೆಳಗಿನ ಮುಂದಿನ ಹಲ್ಲಲ್ಲೂ ಎರಡು ಇರೋದುಂಟು, ಯಾರು ಅಂದುಕೊಳ್ತಾರೆ ಹೇಳಿ.

ಈ ಬಲೆಯ ಮೂಲೆಮೂಲೆಗೂ ಕೆನಾಲು ಕೆರೆಯೋ ಸೂಜಿ ಹೋಗಲ್ಲ. ಅದಕ್ಕೇ ಆಗಾಗ ಸಿರಿಂಜಲ್ಲಿ ನೀರಿನಂಥದ್ದು ಬಿಡ್ತಾರಲ್ಲ, ಬಾಯಿಗೆ ಸೋರಿದ್ರೆ ಬ್ಲೀಚಿಂಗ್ ವಾಸನೆ ಬರುತ್ತೆ, ಅದು ಸೋಡಿಯಂ ಹೈಪೋಕ್ಲೋರೈಟು, ಸತ್ತ ನರದ ಚೂರನ್ನೂ ಕರಗಿಸುತ್ತೆ. ಆದ್ರೆ ಬಾಯೇ ತೆರೆಯದ ಕೆನಾಲಿಗೆ ಅದೂ ಸರಿಯಾಗಿ ತಲುಪಲ್ಲ.

ನಂದಕ್ಕೆ ಕ್ಯಾಪಲ್ಲೇ ತೂತು ಮಾಡಿ ಮೈಕ್ರೋಸ್ಕೋಪ್ ಹಾಕಿದ್ರು, ಆಮೇಲೆ ಸ್ಕ್ರೀನಲ್ಲಿ ತೋರಿಸಿದ್ರು. ಹಲ್ಲಿನೊಳಗೆ ಬೂದು ಬಣ್ಣದ ನೆಲ, ಮೂರು ಕಡೆ ಹಳೇ ಕೆನಾಲು ತುಂಬಿದ ಗುಲಾಬಿ ಚುಕ್ಕೆ, ಒಂದು ಚುಕ್ಕೆಯಿಂದ ಅಂಗುಳದ ಕಡೆಗೆ ಪೆನ್ಸಿಲ್ಲಲ್ಲಿ ಗೀಚಿದಂಗೆ ಸಣ್ಣ ಕಪ್ಪು ಗೆರೆ. ಆ ಗೆರೆ ಹಿಡಕೊಂಡು ಒಂಚೂರು ಕೆರೆದ್ರು, ಸಾಸಿವೆಗಿಂತ ಸಣ್ಣ ತೂತು. ತುದೀಲಿ 0.08 ಮಿಲಿಮೀಟರ್ ಇರೋ, ಫೈಲು ಅನ್ನೋ ಆ ಸೂಜಿ ಇಳಿಸೋಕೇ ಮುಕ್ಕಾಲು ಗಂಟೆ ಆಯ್ತು, ನನ್ನ ದವಡೆ ಸೋತುಹೋಗಿತ್ತು. ಮೊದ್ಲು ಮಾಡಿದವ್ರ ಮೇಲೆ ಇದ್ದ ಸಿಟ್ಟು ಅಲ್ಲೇ ಅರ್ಧ ಇಳೀತು. ಇನ್ನರ್ಧ ಇಳಿದಿಲ್ಲ, ಓರೆ ಎಕ್ಸ್‌ರೇ ಒಂದು ತೆಗೀಬಹುದಿತ್ತು.

ಏಳುವಾಗ ಡಾಕ್ಟ್ರು ಅಂದ್ರು, "ಎಡಕ್ಕೆ ನಾಲ್ಕಿದ್ರೆ ಬಲಕ್ಕೂ ನಾಲ್ಕು ಇರೋದು ಜಾಸ್ತಿ. ಆ ಹಲ್ಲು ಹುಳುಕಾದ್ರೆ ಎಲ್ಲೇ ಹೋಗ್ರಿ, ಬಾಯಿ ತೆಗಿಯೋಕೆ ಮೊದ್ಲು ಇದನ್ನ ಹೇಳ್ರಿ." ಬಲಗಡೆ ಹಲ್ಲಲ್ಲಿ ಒಂದು ಕಪ್ಪು ಚುಕ್ಕೆ ಆಗ್ಲೇ ಕಾಣ್ತಿದೆ.