ಅಲಿ ಕಡೆಯೋ, ಫ್ರೇಜಿಯರ್ ಕಡೆಯೋ?

ಮುಹಮ್ಮದ್ ಅಲಿ ಮತ್ತು ಜೋ ಫ್ರೇಜಿಯರ್ ರಿಂಗಿನಲ್ಲಿ ಎದುರಾಗಿದ್ದು ಮೂರೇ ಸಲ. 1971ರಲ್ಲಿ ಫ್ರೇಜಿಯರ್ ಗೆದ್ದರು, 1974 ಮತ್ತು 1975ರಲ್ಲಿ ಅಲಿ. ಲೆಕ್ಕ ಅಷ್ಟೇ. ಆದರೂ ಅಮೆರಿಕದ ಹಳೇ ಬಾಕ್ಸಿಂಗ್ ಅಭಿಮಾನಿಗಳು ಸೇರಿದರೆ ವಾದ ಶುರುವಾಗುತ್ತದೆ. ಯಾರು ಗೆದ್ದರು ಅನ್ನೋದರ ಬಗ್ಗೆ ಅಲ್ಲ, ‘ಆಗ ನೀನು ಯಾರ ಕಡೆ ಇದ್ದೆ’ ಅನ್ನೋದರ ಬಗ್ಗೆ.

ಈ ಪ್ರಶ್ನೆ ಹುಟ್ಟಿದ್ದು 1967ರಲ್ಲಿ. ವಿಯೆಟ್ನಾಂ ಯುದ್ಧದ ಕಾಲ. ಸೇನೆಗೆ ಸೇರಲು ಅಲಿ ಒಪ್ಪಲಿಲ್ಲ. ಹೆವಿವೇಟ್ ಪಟ್ಟ ಕಿತ್ತುಕೊಂಡರು, ಲೈಸೆನ್ಸ್ ರದ್ದಾಯಿತು. ಮೂರು ವರ್ಷಕ್ಕೂ ಜಾಸ್ತಿ ಅವರು ರಿಂಗಿಗೆ ಇಳಿಯಲಾಗಲಿಲ್ಲ. ಆ ಹೊತ್ತಿನಲ್ಲಿ ಮೇಲೆ ಬಂದವರು ಫ್ರೇಜಿಯರ್. ದಕ್ಷಿಣ ಕೆರೊಲಿನಾದ ಬಡ ರೈತ ಕುಟುಂಬದ ಹುಡುಗ, ಫಿಲಡೆಲ್ಫಿಯಾಗೆ ಬಂದು ಕಸಾಯಿಖಾನೆಯಲ್ಲಿ ದುಡಿಯುತ್ತಾ ಬಾಕ್ಸಿಂಗ್ ಕಲಿತವರು. 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಹೆಬ್ಬೆರಳು ಮುರಿದಿದ್ದರೂ ಚಿನ್ನ ಗೆದ್ದಿದ್ದರು. ಅಲಿ ಕೈ ಖಾಲಿಯಾಗಿದ್ದಾಗ ಸಾಲ ಕೊಟ್ಟವರೂ ಇವರೇ. ಅಲಿಗೆ ಲೈಸೆನ್ಸ್ ವಾಪಸ್ ಕೊಡಿ ಎಂದು ಅಧ್ಯಕ್ಷ ನಿಕ್ಸನ್ ಬಳಿ ಕೇಳಿಕೊಂಡಿದ್ದಾಗಿಯೂ ಫ್ರೇಜಿಯರ್ ಹೇಳುತ್ತಿದ್ದರು.

ಇಷ್ಟೆಲ್ಲ ಆದ ಮೇಲೆ 1971ರ ಮಾರ್ಚ್ 8ರ ಪಂದ್ಯ ನಿಗದಿಯಾಯಿತು. ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್, ಇಬ್ಬರಿಗೂ ತಲಾ 25 ಲಕ್ಷ ಡಾಲರ್. ಅಲಿ 31ಕ್ಕೆ 31 ಗೆದ್ದವರು, ಫ್ರೇಜಿಯರ್ 26ಕ್ಕೆ 26. ಸೋಲೇ ಕಾಣದ ಇಬ್ಬರು ಹೀಗೆ ಪಟ್ಟಕ್ಕಾಗಿ ಎದುರಾಗುವುದು ಅಪರೂಪವೇ ಸರಿ. ಟಿಕೆಟ್ ಮಾರಾಟ ಮಾಡಬೇಕಲ್ಲ, ಅಲಿ ಬಾಯಿ ಬಿಚ್ಚಿದರು. ಫ್ರೇಜಿಯರ್ ಬಿಳಿಯರ ಬಾಲಬಡುಕ ಅಂದರು. ಅಲ್ಲಿಗೆ ಊರು ಇಬ್ಭಾಗವಾಯಿತು. ಯುದ್ಧ ಬೇಡ ಎನ್ನುತ್ತಿದ್ದ ವಿದ್ಯಾರ್ಥಿಗಳು, ಕರಿಯ ಯುವಕರು ಬಹುಪಾಲು ಅಲಿ ಕಡೆ. ಅಲಿಯನ್ನು ಕಂಡರಾಗದ ಬಿಳಿಯರು ಫ್ರೇಜಿಯರ್ ಕಡೆ. ರಾಜಕೀಯದ ಗೊಡವೆಯೇ ಇಲ್ಲದ ಬಡ ಕರಿಯ ಮನುಷ್ಯ ಬಿಳಿಯರ ಪ್ರತಿನಿಧಿಯಾಗಿಬಿಟ್ಟ! ಶಾಲೆಯಲ್ಲಿ ಅವರ ಮಕ್ಕಳನ್ನೂ ಬೇರೆ ಮಕ್ಕಳು ಬಿಡದೆ ಕಾಡಿದರು.

ಅಂದಿನ ರಾತ್ರಿಯ ನೆನಪುಗಳೂ ಚಿತ್ರವಿಚಿತ್ರ. ಅಮೆರಿಕದಲ್ಲಿ ಪಂದ್ಯ ಮನೆಯ ಟಿವಿಯಲ್ಲಿ ನೇರವಾಗಿ ಬರಲಿಲ್ಲ. ದುಡ್ಡು ಕೊಟ್ಟು ಚಿತ್ರಮಂದಿರಗಳಲ್ಲಿ ದೊಡ್ಡ ಪರದೆಯ ಮೇಲೆ ನೋಡಬೇಕಿತ್ತು. ಆಗದವರು ರೇಡಿಯೊಗೆ ಕಿವಿಕೊಟ್ಟು ಒಂದೊಂದು ಸುತ್ತಿನ ಸುದ್ದಿಗೆ ಕಾದರು. ಎಷ್ಟೋ ಜನ ನೋಡದೆ ಬರೀ ಕೇಳಿದಾಗ ಒಬ್ಬೊಬ್ಬರ ತಲೆಯಲ್ಲಿ ಒಂದೊಂದು ಪಂದ್ಯ ಉಳಿಯುತ್ತದೆ, ಅಲ್ವಾ? ರಿಂಗಿನ ಪಕ್ಕದಲ್ಲಿ ಕ್ಯಾಮೆರಾ ಹಿಡಿದು ಫೋಟೊ ತೆಗೆಯುತ್ತಿದ್ದವರು ಗಾಯಕ ಫ್ರಾಂಕ್ ಸಿನಾತ್ರ. ಅದೇ ರಾತ್ರಿ ಪೆನ್ಸಿಲ್ವೇನಿಯಾದ ಮೀಡಿಯಾ ಎಂಬ ಊರಿನಲ್ಲಿ ಯುದ್ಧವಿರೋಧಿಗಳ ಒಂದು ಗುಂಪು ಎಫ್‌ಬಿಐ ಕಚೇರಿಗೆ ನುಗ್ಗಿ ಕಡತಗಳನ್ನು ಹೊತ್ತೊಯ್ದಿತು. ಎಲ್ಲರ ಗಮನ ಪಂದ್ಯದ ಮೇಲಿರುತ್ತದೆ ಎಂದೇ ಆ ರಾತ್ರಿ ಆರಿಸಿಕೊಂಡಿದ್ದರು. ಎಫ್‌ಬಿಐ ತನ್ನ ದೇಶದವರ ಮೇಲೇ ಗೂಢಚರ್ಯೆ ನಡೆಸಿದ್ದು ಆ ಕಡತಗಳಿಂದ ಬಯಲಾಯಿತು.

ಎಲ್ಲರಿಗೂ ನೆನಪಿರುವುದು 15ನೇ ಸುತ್ತು. ಫ್ರೇಜಿಯರ್ ಬಗ್ಗಿದ್ದಲ್ಲಿಂದಲೇ ಎಡಗೈ ಹುಕ್ ಬೀಸಿದರು. ಅಲಿ ಅಂಗಾತ ಬಿದ್ದರು, ಕಾಲು ಮೇಲೆ ಹಾರಿತು, ಬಿಳಿ ಶೂಗಳ ಕೆಂಪು ಕುಚ್ಚುಗಳು ಗಾಳಿಯಲ್ಲಿ ಚಿಮ್ಮಿದವು. ದವಡೆ ಊದಿಕೊಂಡೇ ಎದ್ದು ನಿಂತು ಕೊನೆಯ ಗಂಟೆ ಬಾರಿಸುವವರೆಗೂ ಆಡಿದರು. ಅಲಿಗೆ ಮೋಸವಾಯಿತು ಎನ್ನುವವರು ಇವತ್ತಿಗೂ ಇದ್ದಾರೆ. ಮೋಸ ಆಗಿದ್ದಂತೂ ಕಾಣುವುದಿಲ್ಲ. ರೆಫರಿ ಮತ್ತು ಇಬ್ಬರು ಜಡ್ಜ್‌ಗಳು, ಮೂವರೂ ಫ್ರೇಜಿಯರ್‌ಗೇ ಕೊಟ್ಟರು. ಒಬ್ಬರ ಲೆಕ್ಕದಲ್ಲಂತೂ 11 ಸುತ್ತು ಫ್ರೇಜಿಯರ್‌ಗೆ, ನಾಲ್ಕೇ ಅಲಿಗೆ.

1974ರ ಎರಡನೇ ಪಂದ್ಯ ಯಾರಿಗೂ ಅಷ್ಟಾಗಿ ನೆನಪಿಲ್ಲ. ಅದಕ್ಕಿಂತ ಕೆಲವೇ ದಿನ ಮುಂಚೆ ಟಿವಿ ಸ್ಟುಡಿಯೊದಲ್ಲಿ ಇಬ್ಬರೂ ನೆಲಕ್ಕೆ ಬಿದ್ದು ಹೊಡೆದಾಡಿದ್ದೇ ಹೆಚ್ಚು ನೆನಪು.

1975ರ ಅಕ್ಟೋಬರ್ 1ರ ಮನಿಲಾ ಪಂದ್ಯದ ಕಥೆ ಬೇರೆ. ಅಮೆರಿಕದವರು ರಾತ್ರಿ ನೋಡಲಿ ಎಂದು ಅಲ್ಲಿ ಬೆಳಗ್ಗೆಯೇ ಆಡಿಸಿದರು. ಒಳಗೆ ಕುದಿಯುವ ಸೆಕೆ. ಪಂದ್ಯಕ್ಕೂ ಮುಂಚೆ ಅಲಿ ಒಂದು ರಬ್ಬರ್ ಗೊರಿಲ್ಲಾ ಹಿಡಿದು ಫ್ರೇಜಿಯರ್ ಇವನೇ ಎಂದು ಗುದ್ದುತ್ತಿದ್ದರು, ಪತ್ರಕರ್ತರು ನಗುತ್ತಿದ್ದರು. 14 ಸುತ್ತು ಮುಗಿಯುವಷ್ಟರಲ್ಲಿ ಫ್ರೇಜಿಯರ್‌ಗೆ ಎದುರಿನ ಹೊಡೆತವೇ ಕಾಣುತ್ತಿರಲಿಲ್ಲ. ಇನ್ನೊಂದು ಸುತ್ತು ಆಡುತ್ತೇನೆ ಎಂದರೂ ತರಬೇತುದಾರ ಎಡ್ಡಿ ಫಚ್ ಬಿಡಲಿಲ್ಲ. ಅಲಿ ಕೂಡ ಕೈಚೆಲ್ಲುವ ಸ್ಥಿತಿಯಲ್ಲಿದ್ದರು. ಸಾವಿಗೆ ತೀರಾ ಹತ್ತಿರ ಹೋಗಿ ಬಂದಂತಾಯಿತು ಎಂದು ಅವರೇ ಹೇಳಿಕೊಂಡರು. ಫಚ್ ಇನ್ನೊಂದು ನಿಮಿಷ ಕಾದಿದ್ದರೆ? ಫ್ರೇಜಿಯರ್ ಅಭಿಮಾನಿಗಳು ಇದನ್ನು ಬಿಡುವುದೇ ಇಲ್ಲ. ಫಿಲಿಪ್ಪೀನ್ಸ್‌ನವರಿಗೆ ಈ ತಕರಾರಿಲ್ಲ. ಪಂದ್ಯ ನಡೆದ ಕ್ರೀಡಾಂಗಣದ ಹತ್ತಿರವೇ 1976ರಲ್ಲಿ ‘ಅಲಿ ಮಾಲ್’ ತೆರೆದರು.

ನಮ್ಮವರಿಗೆ ಇದೆಲ್ಲ ಕಣ್ಣಾರೆ ಕಂಡ ನೆನಪಲ್ಲ. ಬೆಂಗಳೂರಿಗೆ ದೂರದರ್ಶನ ಬಂದಿದ್ದೇ 1981ರಲ್ಲಿ, ಅಲಿ ಕೊನೆಯ ಪಂದ್ಯ ಆಡಿದ ವರ್ಷ. ಪೇಪರಿನ ಸುದ್ದಿ, ಫೋಟೊ, ಅಲಿ ಮಾತುಗಳು ನಮಗೆ ಸಿಕ್ಕಿದ್ದು. ಫ್ರೇಜಿಯರ್ ಜಾಸ್ತಿ ಮಾತಾಡುವವರಲ್ಲ. ಹಾಗಾಗಿ ಇಲ್ಲಿಯ ಅಭಿಮಾನವೆಲ್ಲ ಅಲಿ ಪಾಲಾಗಿದ್ದರಲ್ಲಿ ಆಶ್ಚರ್ಯವಿಲ್ಲ.

1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಪಾರ್ಕಿನ್ಸನ್ ಕಾಯಿಲೆಯಿಂದ ನಡುಗುವ ಕೈಯಲ್ಲಿ ಅಲಿ ಜ್ಯೋತಿ ಬೆಳಗಿದಾಗ ಜಗತ್ತೇ ಕರಗಿತು. ಫ್ರೇಜಿಯರ್ ಮಾತ್ರ ಕರಗಲಿಲ್ಲ, ಕಟುವಾಗಿಯೇ ಮಾತಾಡಿದರು. ಹೊಟ್ಟೆಕಿಚ್ಚಿನ ಮನುಷ್ಯ ಎಂದರು ಜನ. ಗೊರಿಲ್ಲಾ ಗೊಂಬೆಯನ್ನು ನೋಡಿ ನಕ್ಕವರಿಗೆ ಅದು ಮರೆತುಹೋಗಿತ್ತು, ಅನ್ನಿಸಿಕೊಂಡವರಿಗೆ ಮರೆತಿರಲಿಲ್ಲ. 2001ರಲ್ಲಿ ಅಲಿ ಪತ್ರಿಕೆಯೊಂದರ ಮೂಲಕ ಕ್ಷಮೆ ಕೇಳಿದರು. ಪೇಪರಿಗೆ ಹೇಳಿದರೇನು ಬಂತು, ನೇರವಾಗಿ ನನಗೆ ಹೇಳಲಿ ಅನ್ನೋದು ಫ್ರೇಜಿಯರ್ ತಕರಾರು. ನನಗಂತೂ ಅದು ನ್ಯಾಯವಾಗಿಯೇ ಕಾಣುತ್ತದೆ. ಅದೇ ವರ್ಷ ಇಬ್ಬರ ಹೆಣ್ಣುಮಕ್ಕಳೂ ರಿಂಗಿನಲ್ಲಿ ಎದುರಾದರು. ಲೈಲಾ ಅಲಿ ಗೆದ್ದರು.

2011ರಲ್ಲಿ ಫ್ರೇಜಿಯರ್ ತೀರಿಕೊಂಡಾಗ ಅಲಿ ಅಂತ್ಯಕ್ರಿಯೆಗೆ ಬಂದಿದ್ದರು. ಎಲ್ಲರೂ ಎದ್ದು ಪ್ರೀತಿ ತೋರಿಸಿ ಎಂದು ಕರಿಯರ ಹಕ್ಕುಗಳ ಹೋರಾಟಗಾರ ಜೆಸ್ಸಿ ಜಾಕ್ಸನ್ ಕೇಳಿದಾಗ ಅಲಿಯೂ ಎದ್ದು ಚಪ್ಪಾಳೆ ತಟ್ಟಿದರು. ಫಿಲಡೆಲ್ಫಿಯಾದವರ ಸಿಟ್ಟು ಆಗಲೂ ತಣ್ಣಗಾಗಲಿಲ್ಲ. ಆ ಸಿಟ್ಟು ಅಲಿ ಮೇಲಲ್ಲ, ತಮ್ಮ ಊರಿನ ಮೇಲೆ. ಸಿನಿಮಾದ ಬಾಕ್ಸರ್ ರಾಕಿಗೆ ಅಲ್ಲಿ 1980ರ ದಶಕದಲ್ಲೇ ಕಂಚಿನ ಪ್ರತಿಮೆ ಇತ್ತು. ಆ ಸಿನಿಮಾದಲ್ಲಿ ರಾಕಿ ನೇತುಹಾಕಿದ ಮಾಂಸಕ್ಕೆ ಗುದ್ದಿ ಅಭ್ಯಾಸ ಮಾಡುತ್ತಾನಲ್ಲ, ಕಸಾಯಿಖಾನೆಯಲ್ಲಿ ಹಾಗೆ ಗುದ್ದುತ್ತಿದ್ದವರು ಫ್ರೇಜಿಯರ್. ಅವರ ಪ್ರತಿಮೆ ಊರಲ್ಲಿ ನಿಂತಿದ್ದು 2015ರಲ್ಲಿ, ಅವರು ಹೋಗಿ ಹೆಚ್ಚುಕಮ್ಮಿ ನಾಲ್ಕು ವರ್ಷವಾದ ಮೇಲೆ.