ಮಂಜುಗಾಜಿನ ಹಿಂದೆ ಒಂದು ದಿನಸಿ ಚೀಟಿ

‘ನಮ್ಮ ಜಾಲತಾಣ ಎಲ್ಲ ಬ್ರೌಸರ್‌ಗಳಲ್ಲೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಂದೇ ತರಹ ಕಾಣಬೇಕು’ ಎಂದು ಯಾರಾದರೂ ಪಟ್ಟು ಹಿಡಿದರೆ ನನಗೆ ಸಿಟ್ಟು ಬರುತ್ತದೆ. ಏಕೆ ಕಾಣಬೇಕು? ಓದುಗರು ಎರಡು ಫೋನುಗಳನ್ನು ಪಕ್ಕಪಕ್ಕ ಇಟ್ಟುಕೊಂಡು ತಾಳೆ ನೋಡುವುದಿಲ್ಲ. ಅಕ್ಷರ ಓದಲು ಬಂದರೆ, ಒತ್ತಬೇಕಾದ ಗುಂಡಿ ಬೆರಳಿಗೆ ಸಿಕ್ಕರೆ ಸಾಕು. ನೆರಳು, ಮಸುಕು, ದುಂಡು ಮೂಲೆ ಇವೆಲ್ಲ ಒಗ್ಗರಣೆ.

ಪುಟದ ಬಣ್ಣ, ಅಳತೆ, ಅಲಂಕಾರಗಳನ್ನು ಬ್ರೌಸರ್‌ಗೆ ಸಾಲುಸಾಲಾಗಿ ಹೇಳುವ ಭಾಷೆ ಸಿಎಸ್‌ಎಸ್ ಹುಟ್ಟಿದ್ದೇ ಈ ಉದಾರ ಬುದ್ಧಿಯಿಂದ. ಯುರೋಪಿನ ಭೌತವಿಜ್ಞಾನ ಸಂಶೋಧನಾ ಕೇಂದ್ರ ಸರ್ನ್‌ನಲ್ಲಿದ್ದ ಹೋಕನ್ ವಿಯುಮ್ ಲೀ 1994ರ ಅಕ್ಟೋಬರ್‌ನಲ್ಲಿ ಅದರ ಮೊದಲ ಪ್ರಸ್ತಾವ ಮುಂದಿಟ್ಟರು. 1996ರ ಡಿಸೆಂಬರ್‌ನಲ್ಲಿ ಮೊದಲ ಆವೃತ್ತಿ ಮಾನ್ಯವಾಯಿತು. ಅದರಲ್ಲಿನ ಒಂದು ನಿಯಮ ನನಗೆ ಇಂದಿಗೂ ಅಚ್ಚುಮೆಚ್ಚು: ಗೊತ್ತಿಲ್ಲದ ಸಾಲು ಎದುರಾದರೆ ಬ್ರೌಸರ್ ಗಲಾಟೆ ಮಾಡದೆ ಅದನ್ನು ದಾಟಿ ಮುಂದೆ ಹೋಗಬೇಕು.

ದಿನಸಿ ಚೀಟಿಯನ್ನು ನೆನೆಯಿರಿ. ಹತ್ತು ಸಾಮಾನಿನಲ್ಲಿ ಒಂದರ ಹೆಸರು ಅಂಗಡಿಯವರಿಗೆ ತಿಳಿಯದಿದ್ದರೆ ಉಳಿದ ಒಂಬತ್ತನ್ನು ಕಟ್ಟಿಕೊಡುತ್ತಾರೆ, ಶಟರ್ ಎಳೆಯುವುದಿಲ್ಲ. ಇನ್ನೊಂದು ನಿಯಮವೂ ಉಂಟು: ಒಂದೇ ಗುಣವನ್ನು ಎರಡು ಸಲ ಬರೆದರೆ, ಅರ್ಥವಾದವುಗಳಲ್ಲಿ ಕೊನೆಯದೇ ಊರ್ಜಿತ. ಚೀಟಿಯಲ್ಲಿ ಮೊದಲು ‘ಯಾವುದಾದರೂ ಅಕ್ಕಿ’ ಎಂದು ಬರೆದು, ಕೆಳಗೆ ‘ಸಿಕ್ಕರೆ ಸೋನಾ ಮಸೂರಿ’ ಎಂದು ಸೇರಿಸಿದ ಹಾಗೆ. ಅಂಗಡಿ ಯಾವುದೇ ಇರಲಿ, ಮನೆಗೆ ಅಕ್ಕಿಯಂತೂ ಬರುತ್ತದೆ. ಹಾಗಾಗಿ ಮೊದಲು ಸಾದಾ ಬಣ್ಣ, ಅದರ ಕೆಳಗೆ ಹೊಸ ಬಗೆಯ ಬಣ್ಣ ಬರೆಯಿರಿ. ‘ನೀನು ಯಾವ ಬ್ರೌಸರ್?’ ಎಂದು ಕೇಳುವ ಅಗತ್ಯವೇ ಇಲ್ಲ. ಕೇಳಿದರೂ ಸಿಗುವ ಉತ್ತರ ನಂಬುವಂಥದ್ದಲ್ಲ: ಕ್ರೋಮ್, ಸಫಾರಿ, ಫೈರ್‌ಫಾಕ್ಸ್ ಮೂರೂ ತಮ್ಮ ಪರಿಚಯವನ್ನು ‘ಮೊಜಿಲ್ಲಾ’ ಎಂದೇ ಆರಂಭಿಸುತ್ತವೆ.

ಆದರೆ ಚೀಟಿಯ ಜಾಣತನ ಒಂದು ಕಡೆ ಕೈಕೊಡುತ್ತದೆ. ಮಂಜುಗಾಜಿನ ಪರಿಣಾಮವನ್ನೇ ನೋಡಿ. ಹಿಂದಿನ ಚಿತ್ರ ಮಸುಕಾಗಿ, ಮೇಲೆ ಅಕ್ಷರ ತೇಲುತ್ತದೆ. ಇದರ ಹೆಸರು ಬ್ಯಾಕ್‌ಡ್ರಾಪ್ ಫಿಲ್ಟರ್. ಹಿಂದಿರುವ ಪ್ರತಿ ಚುಕ್ಕಿಯ ಬಣ್ಣವನ್ನು ಅಕ್ಕಪಕ್ಕದ ಚುಕ್ಕಿಗಳ ಬಣ್ಣದೊಂದಿಗೆ ಕಲಸಿ ಸರಾಸರಿ ತೆಗೆಯುವುದೇ ಮಸುಕು. ಅದು ಕಾಣಬೇಕಾದರೆ ಮೇಲಿನ ಹಿನ್ನೆಲೆ ಬಣ್ಣ ತೆಳುವಾಗಿರಬೇಕು. ಮಸುಕು ಗೊತ್ತಿಲ್ಲದ ಬ್ರೌಸರ್ ಆ ಸಾಲನ್ನು ಬಿಟ್ಟು, ತೆಳುಬಣ್ಣವನ್ನು ಮಾತ್ರ ವಿಧೇಯವಾಗಿ ಪಾಲಿಸುತ್ತದೆ. ಆಗ ಚಿತ್ರದ ಮೇಲೆ ಅಕ್ಷರ ಕಲಸಿ ರಾಡಿಯಾಗುತ್ತದೆ. ಸೋನಾ ಮಸೂರಿಗೆಂದು ಅಳೆದ ನೀರನ್ನು ಬೇರೆ ಅಕ್ಕಿಗೆ ಹಾಕಿದ ಹಾಗೆ! ಇಂಥಲ್ಲಿ ‘ಇದು ನಿನಗೆ ಬರುತ್ತದೆಯೇ?’ ಎಂದು ಬ್ರೌಸರ್ ಅನ್ನು ಕೇಳುವ ‘ಸಪೋರ್ಟ್ಸ್’ ಎಂಬ ನಿಯಮ ಬೇಕು: ಅದರ ಹೊರಗೆ ಗಟ್ಟಿ ಬಣ್ಣ ಇಡಿ, ಮಸುಕು ಬಲ್ಲವರಿಗೆ ಮಾತ್ರ ತೆಳುಬಣ್ಣವನ್ನೂ ಮಸುಕನ್ನೂ ಜೊತೆಯಾಗಿ ಒಳಗೆ ಕೊಡಿ.

ಸಫಾರಿ ಈ ಮಸುಕನ್ನು 2015ರಲ್ಲೇ ತಂದಿತು, ಆದರೆ ಗುಣದ ಹೆಸರಿನ ಮುಂದೆ ತನ್ನ ಎಂಜಿನ್‌ನ ಹೆಸರಾದ ‘ವೆಬ್‌ಕಿಟ್’ ಎಂಬ ಪೂರ್ವಪ್ರತ್ಯಯ ಅಂಟಿಸಿ. ಕ್ರೋಮ್ 2019ರಲ್ಲಿ, ಫೈರ್‌ಫಾಕ್ಸ್ 2022ರಲ್ಲಿ ಬಂದವು; ಸಫಾರಿ ಆ ಪ್ರತ್ಯಯವನ್ನು ಬಿಟ್ಟದ್ದು 2024ರಲ್ಲಿ. ಹಳೆಯ ಐಫೋನುಗಳಿಗಾಗಿ ಎರಡೂ ಸಾಲು ಬರೆಯಬೇಕು, ಪ್ರತ್ಯಯವಿಲ್ಲದ್ದು ಕೊನೆಯಲ್ಲಿರಲಿ. ಈ ಪ್ರತ್ಯಯಗಳು ಮೂಲತಃ ‘ಇದಿನ್ನೂ ಪ್ರಯೋಗ’ ಎಂಬ ಎಚ್ಚರಿಕೆ ಚೀಟಿಗಳು. ಮೊಬೈಲ್ ಯುಗದಲ್ಲಿ ಎಲ್ಲರೂ ವೆಬ್‌ಕಿಟ್‌ನದನ್ನು ಮಾತ್ರ ಬರೆದು ಕೈತೊಳೆದುಕೊಂಡರು. ಬೇರೆ ಬ್ರೌಸರ್‌ಗಳಲ್ಲಿ ಆ ಅಲಂಕಾರ ಕಾಣಲಿಲ್ಲ. ಪರಿಣಾಮ, 2012ರಲ್ಲಿ ಒಪೆರಾ ಬ್ರೌಸರ್ ತನ್ನದಲ್ಲದ ವೆಬ್‌ಕಿಟ್ ಪ್ರತ್ಯಯಗಳನ್ನೂ ಓದಲು ನಿರ್ಧರಿಸಿತು. ಆಗ ಒಪೆರಾದ ಮುಖ್ಯ ತಂತ್ರಜ್ಞಾನಾಧಿಕಾರಿ ಯಾರು? ಅದೇ ಹೋಕನ್ ಲೀ! 2016ರಲ್ಲಿ ಫೈರ್‌ಫಾಕ್ಸ್ ಕೂಡ ಅದೇ ದಾರಿ ಹಿಡಿಯಿತು.

ಕೊನೆಗೊಂದು ಬಲೆ. ಒಂದು ಸಾಲು ತಪ್ಪಿದರೆ ಆ ಸಾಲು ಮಾತ್ರ ಹೋಗುತ್ತದೆ, ಸರಿ. ಆದರೆ ‘ಈ ಅಲಂಕಾರ ಪುಟದ ಯಾವ ಭಾಗಕ್ಕೆ’ ಎಂದು ಸೂಚಿಸುವ ಹೆಸರುಗಳನ್ನು ಅಲ್ಪವಿರಾಮ ಹಾಕಿ ಜೋಡಿಸಿದಾಗ, ಅವುಗಳಲ್ಲಿ ಒಂದು ಅರ್ಥವಾಗದಿದ್ದರೂ ಇಡೀ ನಿಯಮವೇ ಬಿದ್ದುಹೋಗುತ್ತದೆ. ಗುಂಪು ಟಿಕೆಟ್‌ನಲ್ಲಿ ಒಬ್ಬರ ಹೆಸರು ತಪ್ಪಿದ್ದಕ್ಕೆ ಇಡೀ ಕುಟುಂಬವನ್ನು ಬಸ್ಸಿನಿಂದ ಇಳಿಸಿದಂತೆ. ಧ್ವನಿ ಏರಿಳಿಸುವ ಜಾರುಪಟ್ಟಿಯ ಹಿಡಿಗೆ ಕ್ರೋಮ್‌ನಲ್ಲಿ ಒಂದು ಹೆಸರು, ಫೈರ್‌ಫಾಕ್ಸ್‌ನಲ್ಲಿ ಇನ್ನೊಂದು. ಕೆಲಸ ಉಳಿಸಲೆಂದು ಎರಡನ್ನೂ ಒಂದೇ ನಿಯಮದಲ್ಲಿ ಸೇರಿಸಿದರೆ ಕ್ರೋಮ್ ಎರಡನ್ನೂ ಎಸೆಯುತ್ತದೆ. ಅದೇ ಅಲಂಕಾರವನ್ನು ಎರಡು ಸಲ ಬೇರೆ ಬೇರೆಯಾಗಿ ಬರೆಯಬೇಕು, ಬೇಸರವಾದರೂ.