ದವಡೆಯ ಬಿರುಕಿಗೆ ಕೃತಕ ಮೂಳೆ: ಎಲ್ಲಿ ಬೇಕು, ಎಲ್ಲಿ ಬೇಡ

ದವಡೆಯ ಮೂಳೆಯನ್ನು ಕತ್ತರಿಸಿ ಸರಿಯಾದ ಜಾಗಕ್ಕೆ ಸರಿಸುವಾಗ ಉಳಿಯುವ ಬಿರುಕಿಗೆ ಕೆಲವೊಮ್ಮೆ ಕೃತಕ ಮೂಳೆ ತುಂಬುತ್ತಾರೆ. ಹೀಗೆ ದವಡೆ ಸರಿಪಡಿಸಿಕೊಳ್ಳಲು ಮಂಗಳೂರು, ಮಣಿಪಾಲಕ್ಕೆ ಬರುವವರು "ಇದು ಪ್ರಾಣಿಯ ಮೂಳೆಯಾ ಡಾಕ್ಟ್ರೇ?" ಎಂದು ಕೇಳುವುದುಂಟು. ಕೇಳಲೇಬೇಕಾದ ಪ್ರಶ್ನೆ. ಡಬ್ಬಿಯ ಮೇಲೆ 'ಹೈಡ್ರಾಕ್ಸಿಅಪಟೈಟ್' (ಮೂಳೆಯಲ್ಲಿರುವ ಕ್ಯಾಲ್ಸಿಯಂ ಖನಿಜ) ಎಂದಿದ್ದರೆ ಸಾಲದು. ದನದ ಮೂಳೆಯಿಂದಲೂ ಅದನ್ನು ತಯಾರಿಸುತ್ತಾರೆ. 'ಸಿಂಥೆಟಿಕ್' ಎಂದು ಸ್ಪಷ್ಟವಾಗಿರಬೇಕು. ಹೈಡ್ರಾಕ್ಸಿಅಪಟೈಟ್ ವರ್ಷಗಟ್ಟಲೆ ಕರಗದೆ ಉಳಿಯುತ್ತದೆ, ಇನ್ನೊಂದು ಕೃತಕ ಪದಾರ್ಥವಾದ ಬೀಟಾ ಟಿಸಿಪಿ (ಟ್ರೈಕ್ಯಾಲ್ಸಿಯಂ ಫಾಸ್ಫೇಟ್) ಬೇಗ ಕರಗಿ ಮೂಳೆಗೆ ಜಾಗ ಬಿಡುತ್ತದೆ. ಎರಡನ್ನೂ 60:40ರಲ್ಲಿ ಬೆರೆಸಿದ್ದೂ ಸಿಗುತ್ತದೆ.

ಇವು ತಾವಾಗಿ ಮೂಳೆ ಹುಟ್ಟಿಸುವುದಿಲ್ಲ. ಪಕ್ಕದ ಜೀವಂತ ಮೂಳೆ ಹಬ್ಬಲು ಚಪ್ಪರವಾಗುತ್ತವೆ, ಅಷ್ಟೆ. ಭಾರ ಹೊರುವುದು ಟೈಟಾನಿಯಂ ಪ್ಲೇಟು.

ಮೇಲ್ದವಡೆಯನ್ನು ಮೇಲಕ್ಕೆ ಏರಿಸಿದರೆ ಮೂಳೆಗೆ ಮೂಳೆ ತಾಗುತ್ತದೆ, ಏನೂ ತುಂಬಬೇಕಿಲ್ಲ. ಕೆಳಗಿಳಿಸಿದಾಗಲೇ ತಾಪತ್ರಯ. ನಡುವೆ ಬಿರುಕು ಉಳಿಯುತ್ತದೆ, ಅಗಿಯುವ ಒತ್ತಡ ದವಡೆಯನ್ನು ಮತ್ತೆ ಮೇಲಕ್ಕೆ ತಳ್ಳುತ್ತದೆ. ಇಲ್ಲಿ ಪುಡಿ ಹಾಕುವುದು ದಂಡ: ಸೈನಸ್ (ಕೆನ್ನೆಯೊಳಗಿನ ಗಾಳಿಗೂಡು) ತೆರೆದಿರುವುದರಿಂದ ಒಳಗೆ ಜಾರುತ್ತದೆ, ಸೋಂಕಾಗುತ್ತದೆ, ಕೆಲವೊಮ್ಮೆ ಮೂಗಿನಿಂದಲೇ ಉದುರುತ್ತದೆ. ಕೆನ್ನೆಮೂಳೆಯ ಬುಡದಲ್ಲಿ ಬ್ಲಾಕ್ (ಕೃತಕ ಮೂಳೆಯ ಗಟ್ಟಿ ತುಂಡು) ಅನ್ನು ಬೆಣೆಯಂತೆ ಕೂರಿಸಿ, ಮೂಗಿನ ಬದಿಗೂ ಕೆನ್ನೆಬುಡಕ್ಕೂ ಎರಡೂ ಕಡೆ ಒಂದೊಂದು, ಒಟ್ಟು ನಾಲ್ಕು ಪ್ಲೇಟು ಬಿಗಿಯಬೇಕು. ಬ್ಲಾಕ್ ಪೆಡಸು, ಅವಸರದಲ್ಲಿ ಸ್ಕ್ರೂ ತಿರುಗಿಸಿದರೆ ಸೀಳುತ್ತದೆ.

ಕೆಳದವಡೆಯನ್ನು ಬಹಳ ಮುಂದೆ ತಂದಾಗ ಕತ್ತರಿಸಿದಲ್ಲಿ, ಕೆಳಅಂಚಿನಲ್ಲಿ ಬೀಳುವ ತಗ್ಗಿಗೆ ಮಾತ್ರ ಗ್ರಾನ್ಯೂಲ್ (ಕೃತಕ ಮೂಳೆಯ ಸಣ್ಣ ಕಣ) ಚೆನ್ನಾಗಿ ಒಗ್ಗುತ್ತದೆ. ರೋಗಿಯ ರಕ್ತದಲ್ಲೇ ನೆನೆಸಿ, ಸಡಿಲವಾಗಿ ತುಂಬಿ. ಒತ್ತಿ ಗಿಡಿದರೆ ಕಣಗಳ ನಡುವೆ ರಕ್ತನಾಳ ನುಗ್ಗಲು ಜಾಗವಿರದು.

ಸೀಳಂಗುಳದ ಮಕ್ಕಳ ವಸಡಿನ ಸೀಳಿಗೆ ಇದನ್ನು ನೆಚ್ಚಬೇಡಿ. ಅಲ್ಲಿ ಕೋರೆಹಲ್ಲು ಹುಟ್ಟಿ ಬರಬೇಕು. ಕರಗದ ಹೈಡ್ರಾಕ್ಸಿಅಪಟೈಟ್ ದಾರಿಗೆ ಅಡ್ಡ. ಸೊಂಟದ ಮೂಳೆಯ ಒಳತಿರುಳೇ ಈಗಲೂ ಮೊದಲ ಆಯ್ಕೆ, ಸೊಂಟ ಕೆಲ ದಿನ ನೋಯುವುದು ನಿಜವಾದರೂ.

ಎಕ್ಸ್‌ರೇ ಮೋಸ ಮಾಡುತ್ತದೆ. ಗ್ರಾನ್ಯೂಲ್ ಮೊದಲ ದಿನವೇ ಬೆಳ್ಳಗೆ ಕಾಣುತ್ತದೆ, ಮೂಳೆ ಕೂಡಿದೆ ಎಂದುಕೊಳ್ಳುವಂತಿಲ್ಲ. ಕೂಡುತ್ತಿದ್ದರೆ ಕಣಗಳ ಅಂಚು ಮಸುಕಾಗಬೇಕು, ದವಡೆ ಕೈಗೆ ಅಲುಗಬಾರದು, ಅದನ್ನು ನೋಡಿ.

ಮೇಲ್ದವಡೆಯ ರೋಗಿ ಎರಡು ವಾರ ಜೋರಾಗಿ ಮೂಗು ಊದಿ ಸಿಂಬಳ ತೆಗೆಯಬಾರದು. ಬೊಂಡವನ್ನೂ ಸ್ಟ್ರಾದಲ್ಲಿ ಹೀರದೆ ಲೋಟಕ್ಕೆ ಬಗ್ಗಿಸಿ ಕುಡಿಯಲಿ. ಕುಚ್ಚಲಕ್ಕಿ ಗಂಜಿಯ ತಿಳಿ ಸಾಕು, ಅಗುಳು ಬೇಡ. ಬೀಡಿ, ಸಿಗರೇಟು ಪೂರ್ತಿ ಬಂದ್. ತಿಂಗಳು ಕಳೆದ ಮೇಲೂ ಊತ, ಕೀವು ಮರುಕಳಿಸುತ್ತಿದ್ದರೆ ಬರೀ ಆ್ಯಂಟಿಬಯೋಟಿಕ್ ಬರೆಯುತ್ತ ಕೂರಬೇಡಿ. ಒಳಗಿನ ಸಡಿಲ ಕಣಗಳನ್ನು ಕೆರೆದು ತೆಗೆಯಬೇಕಾಗುತ್ತದೆ.